ಹಕ್ಕಿ ಉಳಿಯಿತು, ಗೂಡು ಹೋಯಿತು

ಹೋಟೇಲಿನ ಗಲ್ಲೆಯನ್ನು ಬಿಟ್ಟು ಪತ್ರಿಕೆಯ ಮೇಜಿಗೆ ಬಂದು ಕುಳಿತವನು ಬಿಯರ್ ಕಾರಖಾನೆಯೊಂದರ ವಿಷಯವಾಗಿ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ಮದ್ಯಪಾನದ ಪರವಾಗಿ ವಕಾಲತ್ತು ನಡೆಸುವುದು ನನ್ನ ಉದ್ದೇಶವಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಆ ಪದಾರ್ಥವನ್ನು ನಾನು ಇಪ್ಪತ್ತೇಳು ವರ್ಷ ಮಾರಿದವನು, ಕುಡಿದವನಲ್ಲ. ಅದನ್ನು ಕುಡಿದು ಕೆಟ್ಟವರ ಹೆಂಡಂದಿರು ತಿಂಗಳ ಮೊದಲ ವಾರದಲ್ಲಿ ನಮ್ಮ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದುದನ್ನೂ ಕಂಡವನು. ಆದರೂ ಈ ಕತೆಯಲ್ಲಿ ನಮ್ಮ ನಾಡಿನವರಿಗೆ, ಅದರಲ್ಲಿಯೂ ಮುಂಬಯಿಯ ಹೋಟೇಲುಗಳಲ್ಲಿ ಬೆವರು ಸುರಿಸುತ್ತಿರುವ ನಮ್ಮ ಹುಡುಗರಿಗೆ, ಸಂಬಂಧಿಸಿದ ಮಾತೊಂದಿದೆಯೆಂದು ನನಗೆ ತೋರಿರುವುದರಿಂದ ಬರೆಯುತ್ತಿದ್ದೇನೆ.

1995ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ಎಸ್.ಎಸ್.ಎಲ್.ಸಿ. ಪಾಸಾದ ಕಾಗದವನ್ನು ಟ್ರಂಕಿನ ತಳದಲ್ಲಿಟ್ಟುಕೊಂಡು ನಾನು ಪರೇಲಿಗೆ ಬಂದಿಳಿದೆ. ಕೊಂಕಣ ರೈಲು ಆಗಿನ್ನೂ ಪೂರ್ತಿಯಾಗಿರಲಿಲ್ಲ. ಉಡುಪಿಯಿಂದ ಬಸ್ಸಿನಲ್ಲಿಯೇ ಬರಬೇಕಾಗಿತ್ತು. ನನ್ನ ಸೋದರಮಾವನವರ ಹೋಟೇಲಿನ ಮುಂಭಾಗದಲ್ಲಿ ಚಹಾ, ಉಸಳ, ಇಡ್ಲಿ. ಹಿಂಭಾಗದಲ್ಲಿ ಹಸಿರು ಪರದೆಯಾಚೆ ಪರ್ಮಿಟ್ ರೂಮು. ಈ ಹೆಸರಿನ ಮೂಲವನ್ನು ಈಗಿನ ಹುಡುಗರು ಬಲ್ಲರೋ ಇಲ್ಲವೋ. 1949ರ ಮುಂಬಯಿ ಪಾನನಿಷೇಧ ಕಾಯದೆಯು ಜಾರಿಗೆ ಬಂದ ಮೇಲೆ ಈ ಪ್ರಾಂತದಲ್ಲಿ ಕುಡಿಯಬೇಕಾದವನು ಸರಕಾರದ ಪರವಾನಗಿಯನ್ನು ಹೊಂದಿರಬೇಕಾಯಿತು. ನಿಷೇಧವು ಮುಂದೆ ಸಡಿಲವಾಯಿತು, ಅಂಗಡಿಗಳು ತೆರೆದುವು. ಕಾಯದೆಯ ಪುಸ್ತಕ ಮಾತ್ರ ಹಾಗೆಯೇ ಉಳಿಯಿತು, ಅದರೊಂದಿಗೆ ಈ ಹೆಸರೂ ಉಳಿಯಿತು. ಗಾಂಧೀಜಿಯವರ ಹೆಸರಿನಲ್ಲಿ ಮಾಡಿದ ಕಾಯದೆಯೊಂದರ ಬಿರುಕಿನಲ್ಲಿ ದಕ್ಷಿಣ ಕನ್ನಡದ ಸಾವಿರಾರು ಸಂಸಾರಗಳ ಅನ್ನ ಹುಟ್ಟಿತೆಂಬುದು ವಿಚಿತ್ರವಾದರೂ ಸತ್ಯ.

ನಾನು ಬರುವಾಗ ಗಿರಣಿಗಳ ಕಾಲ ಮುಗಿಯುತ್ತ ಬಂದಿತ್ತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರದಿಂದ ಪರೇಲು ಚೇತರಿಸಿಕೊಳ್ಳಲೇ ಇಲ್ಲ. ಆದರೂ ಕೆಲವು ಭೋಂಗಾಗಳು ಇನ್ನೂ ಕೂಗುತ್ತಿದ್ದುವು. ಪಾಳಿ ಮುಗಿಸಿ ಬಂದವರು ಕೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡೇ ಬಂದು ಕುಳಿತುಕೊಳ್ಳುತ್ತಿದ್ದರು. ಅವರಲ್ಲಿ ಹೆಚ್ಚಿನವರು ಕೇಳುತ್ತಿದ್ದುದು ಲಂಡನ್ ಪಿಲ್ಸ್‌ನರ್. ಹೆಸರು ಲಂಡನ್ನಿನದಾದರೂ ಅದು ತಯಾರಾಗುತ್ತಿದ್ದುದು ಮುಂಬಯಿಯ ಮಗ್ಗುಲಲ್ಲಿರುವ ತಳೋಜೆಯಲ್ಲಿ. "ಇದು ನಮ್ಮ ಮುಂಬಯಿಯದು" ಎಂದು ಅವರು ಮರಾಠಿಯಲ್ಲಿ ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಆಗ ನಮ್ಮಲ್ಲಿ ಬಂಟ್ವಾಳದ ಕಡೆಯ ಮಾಣಿಯೊಬ್ಬನಿದ್ದನು. ಮಾಣಿಯೆಂದರೆ ಹುಡುಗನಲ್ಲ, ಐವತ್ತರ ಹತ್ತಿರದ ಮನುಷ್ಯ. ನಾವೆಲ್ಲ ಅಣ್ಣನೆಂದೇ ಕರೆಯುತ್ತಿದ್ದೆವು. ಗಿರಾಕಿಯು ಕಿಂಗ್‌ಫಿಷರ್ ಕೇಳಿದನೆಂದರೆ ಅಣ್ಣನ ನಡಿಗೆಯೇ ಬೇರೆಯಾಗುತ್ತಿತ್ತು. ಬಾಟ್ಲಿಯ ಮೇಲಿನ ನೀರನ್ನು ಹೆಗಲ ವಸ್ತ್ರದಿಂದ ಒರಸಿ, ಮೀಂಚುಳ್ಳಿ ಹಕ್ಕಿಯ ಚಿತ್ರವು ಗಿರಾಕಿಯ ಕಡೆಗೆ ತಿರುಗುವಂತೆ ಮೇಜಿನ ಮೇಲಿಟ್ಟು, ಆಮೇಲೆ ಮುಚ್ಚಳ ತೆಗೆಯುತ್ತಿದ್ದನು. ಒಮ್ಮೆ ಏಕೆಂದು ಕೇಳಿದಾಗ, "ನಮ್ಮ ಊರಿನವರದ್ದಲ್ಲವೋ" ಎಂದನು. ಆ ಊರಿನವರನ್ನು ಅವನು ಎಂದೂ ನೋಡಿದವನಲ್ಲ. ಬೆಂಗಳೂರನ್ನೂ ನೋಡಿದವನಲ್ಲ. ಅವನೂ ಕುಡಿಯುತ್ತಿರಲಿಲ್ಲ.

ಅಣ್ಣನ ಅಭಿಮಾನಕ್ಕೆ ಆಧಾರವಿಲ್ಲದಿರಲಿಲ್ಲ. ಯುನೈಟೆಡ್ ಬ್ರೂವರೀಸ್ ಎಂಬ ಕಂಪನಿಯು ಹುಟ್ಟಿದುದು 1915ರಲ್ಲಿ. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನ ಗೃಹಸ್ಥನು ಬೆಂಗಳೂರು, ನೀಲಗಿರಿ ಮುಂತಾದೆಡೆಗಳಲ್ಲಿದ್ದ ಐದು ಸಣ್ಣ ಬಿಯರ್ ಕಾರಖಾನೆಗಳನ್ನು ಒಂದುಗೂಡಿಸಿ ಅದಕ್ಕೆ ಈ ಹೆಸರನ್ನಿಟ್ಟನು. ಬ್ರಿಟಿಷ್ ದಂಡಿನ ಸಿಪಾಯಿಗಳೇ ಅದರ ಮುಖ್ಯ ಗಿರಾಕಿಗಳು. ದೊಡ್ಡ ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿ ದಂಡಿನ ಪಾಳೆಯಗಳಿಗೆ ಒಯ್ಯುತ್ತಿದ್ದರಂತೆ. ಸ್ವಾತಂತ್ರ್ಯವು ಸಮೀಪಿಸಿದಾಗ ಈ ಬಿಳಿಯರ ಕಂಪನಿಯ ಶೇರುಗಳನ್ನು ಸದ್ದಿಲ್ಲದೆ ಕೊಳ್ಳತೊಡಗಿದವರು ಬಂಟ್ವಾಳ ಮೂಲದ ವಿಠ್ಠಲ ಮಲ್ಯರು. ತಂದೆಯವರು ಸೈನ್ಯದಲ್ಲಿ ವೈದ್ಯರಾಗಿದ್ದುದರಿಂದ ಇವರು 1924ರಲ್ಲಿ ಹುಟ್ಟಿದುದು ಢಾಕಾದಲ್ಲಿ. 1947ರಲ್ಲಿ ಆ ಕಂಪನಿಯ ಮೊದಲ ಭಾರತೀಯ ಡೈರೆಕ್ಟರರಾದರು, ಮರುವರ್ಷವೇ ಅಧ್ಯಕ್ಷರು. ವಯಸ್ಸು ಆಗಿನ್ನೂ ಇಪ್ಪತ್ತನಾಲ್ಕು. ಪಾನನಿಷೇಧದ ಗಾಳಿ ದೇಶದಲ್ಲೆಲ್ಲ ಬೀಸುತ್ತಿದ್ದ ಕಾಲದಲ್ಲಿ ಮದ್ಯದ ಕಂಪನಿಗಳನ್ನು ಕೊಳ್ಳಲು ಎದೆಗಾರಿಕೆ ಬೇಕಾಗಿತ್ತು. ಇತರರು ಹೆದರಿ ಮಾರಿದರು, ಇವರು ಹೆದರದೆ ಕೊಂಡರು. 1951ರಲ್ಲಿ ಮದರಾಸಿನ ಮ್ಯಾಕ್‌ಡೊವೆಲ್ ಕಂಪನಿಯೂ ಇವರ ಕೈಸೇರಿತು. ನಮ್ಮ ಮೇಜುಗಳ ಮೇಲೆ ಕೆಂಪು ಬಾಟ್ಲಿಯಲ್ಲಿ ನಿಲ್ಲುವ ಕಿಸಾನ್ ಸಾಸ್ ಕೂಡ ಒಂದಾನೊಂದು ಕಾಲದಲ್ಲಿ ಇವರದೇ ಆಗಿತ್ತು. ಅದು ಆಮೇಲೆ ಬ್ರೂಕ್‌ಬಾಂಡಿಗೆ ಹೋಗಿ, ಈಗ ಹಿಂದೂಸ್ಥಾನ್ ಯುನಿಲಿವರಿನ ವಶದಲ್ಲಿದೆ.

ವಿಠ್ಠಲ ಮಲ್ಯರು 1983ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಕಾರಖಾನೆಯಿದ್ದ ಗ್ರಾಂಟ್ ರಸ್ತೆಗೆ ಅವರ ಹೆಸರೇ ಬಂದಿತು. ಮಗ ವಿಜಯ ಮಲ್ಯರು ಅದಕ್ಕೆ ಮೊದಲೇ, 1978ರಲ್ಲಿ, ಕಂಪನಿಯ ಹಳೆಯ ಪಟ್ಟಿಯಲ್ಲಿ ಧೂಳು ತಿನ್ನುತ್ತಿದ್ದ ಕಿಂಗ್‌ಫಿಷರ್ ಎಂಬ ಹೆಸರನ್ನು ಹೊರತೆಗೆದು ಹೊಸ ಬಣ್ಣದಲ್ಲಿ ಪೇಟೆಗೆ ಬಿಟ್ಟಿದ್ದರು. ಆ ಹಕ್ಕಿಯು ಎಷ್ಟು ದೂರ ಹಾರಿತೆಂಬುದನ್ನು ನಮ್ಮ ಹೋಟೇಲು ಕಾರ್ಮಿಕರಿಗೆ ನಾನು ಹೇಳಬೇಕಾಗಿಲ್ಲ. ಅದರ ಪೆಟ್ಟಿಗೆಗಳನ್ನು ಮಹಡಿಗೆ ಹೊತ್ತವರು ಅವರೇ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಊರಿನವರ ಕಂಪನಿಯೂ ಪರರ ಊರಿನ ಕಾರಖಾನೆಗಳನ್ನು ನುಂಗಿಯೇ ಬೆಳೆಯಿತು. ಗಿರಣಿಯ ಮನುಷ್ಯನು "ನಮ್ಮ ಮುಂಬಯಿಯದು" ಎಂದು ಎದೆ ತಟ್ಟಿಕೊಂಡ ಲಂಡನ್ ಪಿಲ್ಸ್‌ನರ್ ಕೂಡ ತಳೋಜೆಯ ಕಾರಖಾನೆಯ ಸಹಿತವಾಗಿ ಒಂದು ದಿನ ಬೆಂಗಳೂರಿನ ಲೆಕ್ಕಕ್ಕೆ ಸೇರಿತು. ಆ ಸುದ್ದಿ ಬಂದಾಗ ನಮ್ಮ ಗಲ್ಲೆಯ ಬಳಿ ಸಣ್ಣದೊಂದು ಸಂಭ್ರಮವಾಯಿತು. ಅಣ್ಣನು ಒಂದು ಮೇಜಿಗೆ ಶೇಂಗಾ ಬಿಟ್ಟಿ ಕೊಟ್ಟನು. ಹಳೆಯ ಗಿರಾಕಿಗಳು ಎಂದಿನಂತೆ ಅದನ್ನೇ ಕೇಳುತ್ತಿದ್ದರು. ಬಾಟ್ಲಿ ಅದೇ, ಹೆಸರೂ ಅದೇ. ಅವರು ಏನನ್ನಾದರೂ ಕಳೆದುಕೊಂಡರೋ ಎಂಬ ಯೋಚನೆ ನಮಗಾರಿಗೂ ಬರಲಿಲ್ಲ. ಅದೇ ಕಾಲದಲ್ಲಿ ಬೆಂಗಳೂರಿನ ಇನ್ನೊಂದು ಹಳೆಯ ಸಂಸ್ಥೆಯಾದ ಮೈಸೂರು ಬ್ರೂವರೀಸ್, ತನ್ನ ನಾಕ್‌ಔಟ್ ಬಿಯರಿನೊಂದಿಗೆ ದಕ್ಷಿಣ ಆಫ್ರಿಕದ ಕಂಪನಿಯೊಂದರ ಪಾಲಾಯಿತು. ಆ ಕಂಪನಿಯನ್ನು 2016ರಲ್ಲಿ ಅದಕ್ಕಿಂತಲೂ ದೊಡ್ಡದಾದ ಬೆಲ್ಜಿಯಮ್ಮಿನ ಮೀನು ನುಂಗಿತು.

ಬಿಯರಿನ ವ್ಯಾಪಾರದಲ್ಲಿ ಹೀಗಾಗುವುದು ನಮ್ಮ ದೇಶದಲ್ಲಿ ಮಾತ್ರವಲ್ಲ. 2005ರ ವೇಳೆಗೆ ಯುನೈಟೆಡ್ ಬ್ರೂವರೀಸಿನಲ್ಲಿ ದೊಡ್ಡ ಪಾಲನ್ನು ಕೊಂಡುಕೊಂಡ ಬ್ರಿಟನ್ನಿನ ಕಂಪನಿಯ ಹೆಸರು ಸ್ಕಾಟಿಷ್ ಎಂಡ್ ನ್ಯೂಕ್ಯಾಸಲ್. ಸ್ಕಾಟ್ಲೆಂಡಿನವನು ಕಟ್ಟಿದುದಕ್ಕೆ ತೊಂಬತ್ತು ವರ್ಷಗಳ ಮೇಲೆ ಸ್ಕಾಟ್ಲೆಂಡಿನವರೇ ಪಾಲುಗಾರರಾಗಿ ಬಂದರೆಂದಾಯಿತು. ಆದರೆ ಆ ಕಂಪನಿಯು ತನ್ನ ಮನೆಯಲ್ಲಿ ಏನು ಮಾಡುತ್ತಿತ್ತು? 2004ರಲ್ಲಿ ಎಡಿನ್‌ಬರೊ ಪಟ್ಟಣದ ತನ್ನ ಕಾರಖಾನೆಯನ್ನು ಮುಚ್ಚಿತು. 2005ರಲ್ಲಿ ನ್ಯೂಕ್ಯಾಸಲ್ ಪಟ್ಟಣದ ಕಾರಖಾನೆಯನ್ನೂ ಮುಚ್ಚಿತು. ಕಂಪನಿಯ ಹೆಸರಿನಲ್ಲಿದ್ದ ಎರಡು ನೆಲಗಳಲ್ಲಿಯೂ ಒಲೆಯಾರಿತು. ನ್ಯೂಕ್ಯಾಸಲ್ ಬ್ರೌನ್ ಎಂಬ ಅಲ್ಲಿಯ ಹೆಸರಾಂತ ಬಿಯರಿಗೆ, ನಮ್ಮ ಮಟ್ಟುಗುಳ್ಳಕ್ಕೆ ಈಗ ಇರುವಂತೆ, ಊರಿನ ಹೆಸರಿನ ಕಾನೂನುರಕ್ಷಣೆಯಿತ್ತು: ಆ ಊರಿನಲ್ಲಿ ತಯಾರಾದರೆ ಮಾತ್ರ ಆ ಹೆಸರು. ತಯಾರಿಕೆಯನ್ನು ನದಿಯಾಚೆಯ ಗೇಟ್ಸ್‌ಹೆಡ್ಡಿಗೆ ಸಾಗಿಸಿದ ಕಂಪನಿಯು, ತಾನೇ ಹಿಂದೆ ಕೇಳಿ ಪಡೆದ ರಕ್ಷಣೆಯನ್ನು ರದ್ದುಪಡಿಸಿರೆಂದು ತಾನೇ ಅರ್ಜಿ ಹಾಕಬೇಕಾಯಿತು. 2008ರಲ್ಲಿ ಆ ಕಂಪನಿಯನ್ನೇ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಮತ್ತು ಹಾಲೆಂಡಿನ ಹೈನೆಕೆನ್ ಕಂಪನಿಗಳು ಹರಿದು ಹಂಚಿಕೊಂಡುವು. ಆ ಹಂಚಿಕೆಯಲ್ಲಿ ಬೆಂಗಳೂರಿನ ಪಾಲು ಹೈನೆಕೆನ್ನಿಗೆ ಹೋಯಿತು. ಬೆಂಗಳೂರಿನ ಯಾರನ್ನೂ ಕೇಳದೆ ಬೆಂಗಳೂರಿನ ಕಾರಖಾನೆಯ ಪಾಲುಗಾರನು ಬದಲಾದನು.

ಆದುದರಿಂದ ಪರದೇಶದವರು ಬಂದು ನಮ್ಮದನ್ನು ಕಿತ್ತುಕೊಂಡರೆಂದು ಬರೆದರೆ ಓದುಗರಿಗೆ ಹಿತವಾದೀತು. ಆದರೆ ಅದು ಸುಳ್ಳಾದೀತು. ಬಾಗಿಲನ್ನು ಒಳಗಿನಿಂದಲೇ ತೆರೆಯಲಾಯಿತು. ಬಿಯರಿನ ಹೆಸರಿನಲ್ಲಿಯೇ 2005ರಲ್ಲಿ ಆರಂಭವಾದ ವಿಮಾನ ಕಂಪನಿಯು ಸಾಲದ ಮೇಲೆ ಸಾಲ ಮಾಡಿ, 2012ರ ಅಕ್ಟೋಬರಿನಲ್ಲಿ ರೆಕ್ಕೆ ಮುದುಡಿ ನೆಲಕ್ಕೆ ಕುಳಿತಿತು. ಅದರ ನೌಕರರು ತಿಂಗಳುಗಟ್ಟಲೆ ಪಗಾರವಿಲ್ಲದೆ ಬೀದಿಯಲ್ಲಿ ನಿಂತುದನ್ನು ದೇಶವೇ ಕಂಡಿತು. ಬ್ಯಾಂಕುಗಳ ಬಾಕಿ ಒಂಬತ್ತು ಸಾವಿರ ಕೋಟಿಯ ಲೆಕ್ಕಕ್ಕೆ ಏರಿತು. ಲಾಭ ತರುತ್ತಿದ್ದ ಬಿಯರ್ ಕಂಪನಿಯ ಶೇರುಗಳು ಜಪ್ತಿಯಾದುವು. ಮ್ಯಾಕ್‌ಡೊವೆಲ್ ಇದ್ದ ಮದ್ಯದ ಕಂಪನಿಯನ್ನು ಬ್ರಿಟನ್ನಿನ ಡಿಯಾಜಿಯೊ ಅದಾಗಲೇ ವಶಪಡಿಸಿಕೊಂಡಿತ್ತು. 2016ರ ಮಾರ್ಚಿನಲ್ಲಿ ಯಜಮಾನರು ದೇಶ ಬಿಟ್ಟರು. ಕೊನೆಗೆ 2021ರ ಜೂನಿನಲ್ಲಿ, ಬ್ಯಾಂಕುಗಳ ಸಾಲ ವಸೂಲಿಯ ಅಧಿಕಾರಿಯ ಕೈಯಲ್ಲಿದ್ದ ಸೇಕಡಾ 15ರ ಹತ್ತಿರದ ಶೇರುಗಳನ್ನು ಹೈನೆಕೆನ್ ಕಂಪನಿಯು ಸುಮಾರು 5,825 ಕೋಟಿ ರೂಪಾಯಿಗಳಿಗೆ ಕೊಂಡಿತು. ಅದರ ಒಟ್ಟು ಪಾಲು ಸೇಕಡಾ 61.5ಕ್ಕೆ ಏರಿತು. ಬಂಟ್ವಾಳದವರು 1947ರಲ್ಲಿ ಬಿಳಿಯರಿಂದ ಪಡೆದುದು ಎಪ್ಪತ್ತನಾಲ್ಕು ವರ್ಷಗಳ ಮೇಲೆ ಬೇರೆ ಬಿಳಿಯರಿಗೆ ಹೋಯಿತು. ನಡುವೆ ನಿಂತು ಬಾಗಿಲು ತೆಗೆದುದು ಸಾಲ.

ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಕೊರೋನದ ಎರಡನೆಯ ಅಲೆ. ಸಂಜೆ ನಾಲ್ಕಕ್ಕೆ ಬಾಗಿಲು ಹಾಕಬೇಕೆಂಬ ಆಜ್ಞೆ. ಮಾವನವರು ಕಾಲವಾಗಿ ಗಲ್ಲೆ ನನ್ನದಾಗಿತ್ತು. ಸಂಜೆ ನಾಲ್ಕಕ್ಕೆ ಮುಚ್ಚುವ ಪರ್ಮಿಟ್ ರೂಮೆಂದರೆ ಸೂರ್ಯೋದಯಕ್ಕೆ ಮುಚ್ಚುವ ಶಾಲೆಯಿದ್ದಂತೆ. ಕುರ್ಚಿಗಳನ್ನು ಮೇಜುಗಳ ಮೇಲೆ ಮಗುಚಿಟ್ಟು, ಒಬ್ಬನೇ ಕುಳಿತು ಪತ್ರಿಕೆಯಲ್ಲಿ ಈ ಸುದ್ದಿಯನ್ನು ಓದಿದೆನು. ಊರಿಗೆ ಮರಳಿದ್ದ ಅಣ್ಣನಿಗೆ ಫೋನು ಮಾಡಿದೆನು. ಎಲ್ಲವನ್ನೂ ಕೇಳಿದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದನು: "ಬಾಟ್ಲಿಯ ಮೇಲೆ ಹಕ್ಕಿ ಉಂಟೋ?" ಉಂಟು ಎಂದೆ. "ಮತ್ತೆ ಹೋದದ್ದು ಎಂತದು?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ.

ಏಕೆಂದರೆ ನೋಡುವುದಕ್ಕೆ ಏನೂ ಹೋಗಿಲ್ಲ. ನೆಲಮಂಗಲದಲ್ಲಿಯೂ ನಂಜನಗೂಡಿನಲ್ಲಿಯೂ ಆ ಕಂಪನಿಯ ಕಾರಖಾನೆಗಳಿವೆ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದ ಮಾಲ್ಟು, ಹಾಪ್ಸ್ ಎಂಬ ಕಹಿಹೂವು, ನೀರು, ಹುದುಗು, ಇವಿಷ್ಟೇ ಅದರ ಮೂಲವಸ್ತುಗಳು. ಡಚ್ಚರು ಬಂದರೆಂದು ಅವು ಬದಲಾಗುವುದಿಲ್ಲ. ಕಂಪನಿಯ ಕಚೇರಿಯ ಬೋರ್ಡು ಬೆಂಗಳೂರಿನಲ್ಲಿಯೇ ಇದೆ. ಹಳೆಯ ಕಾರಖಾನೆಯಿದ್ದ ಸ್ಥಳವನ್ನು ನೋಡಬೇಕೆಂದು ಮದುವೆಯೊಂದಕ್ಕೆ ಬೆಂಗಳೂರಿಗೆ ಹೋದಾಗ ಒಂದು ಮಧ್ಯಾಹ್ನವನ್ನು ಕಳೆದೆನು. ಸುಮಾರು ಹದಿಮೂರು ಎಕರೆಯ ಆ ಭೂಮಿಯಲ್ಲಿ 2008ರಲ್ಲಿ ತೆರೆದ ಯು.ಬಿ. ಸಿಟಿ ನಿಂತಿದೆ. ಗಾಜಿನ ಬಾಗಿಲುಗಳ ಹಿಂದೆ ವಿದೇಶದ ಕೈಚೀಲ, ವಿದೇಶದ ಗಡಿಯಾರ. ಅಲ್ಲಿಯ ಕಾವಲುಗಾರನನ್ನು ಹಿಂದೆ ಇಲ್ಲಿ ಏನಿತ್ತೆಂದು ಕೇಳಿದೆನು. ತಾನು ಬಂದು ಮೂರು ತಿಂಗಳಾಯಿತಷ್ಟೆ ಎಂದು ಹಿಂದಿಯಲ್ಲಿ ಉತ್ತರ ಕೊಟ್ಟನು. ಅದೇ ರಸ್ತೆಯ ಮಗ್ಗುಲಲ್ಲಿ 2011ರಿಂದೀಚೆಗೆ ಗಿರಾಕಿಯ ಕಣ್ಣೆದುರಿನಲ್ಲಿಯೇ ಹಂಡೆಯಲ್ಲಿ ಬಿಯರ್ ತಯಾರಿಸುವ ಹೊಸ ಬಗೆಯ ಅಂಗಡಿಯೂ ಬಂದಿದೆಯೆನ್ನುತ್ತಾರೆ. ನಾನು ಒಳಹೊಕ್ಕು ನೋಡಲಿಲ್ಲ.

ಪರೇಲಿನಲ್ಲಿ ಬೆಳೆದವನಿಗೆ ಆ ದೃಶ್ಯ ಹೊಸದಲ್ಲ. ಫೀನಿಕ್ಸ್ ಗಿರಣಿ ಮಾಲ್ ಆದುದನ್ನು, ಕಮಲಾ ಗಿರಣಿಯ ಅಂಗಳದಲ್ಲಿ ಕಚೇರಿಗಳೂ ಉಪಾಹಾರಗೃಹಗಳೂ ಎದ್ದುದನ್ನು ನಾವು ದಿನದಿನವೂ ಕಂಡಿದ್ದೇವೆ. ಹೆಸರು ಮಾತ್ರ ಗಿರಣಿಯದು. ನೂಲು ತೆಗೆದವರ ಮಕ್ಕಳು ಅಲ್ಲಿ ಲಿಫ್ಟು ನಡೆಸುತ್ತಾರೆ. ಡಚ್ಚರ ಊರಿನಲ್ಲಿಯೂ ಇದೇ ಕತೆ. 1864ರಲ್ಲಿ ಹೈನೆಕೆನ್ ಕಂಪನಿಯು ಹುಟ್ಟಿದ ಆಂಸ್ಟರ್‌ಡಾಮ್ ಪಟ್ಟಣದಲ್ಲಿ ಅದರ ಕಾರಖಾನೆ 1988ರಲ್ಲಿಯೇ ಮುಚ್ಚಿತು. ಈಗ ಆ ಕಟ್ಟಡಕ್ಕೆ ಪ್ರವಾಸಿಗಳು ಟಿಕೇಟು ತೆಗೆದುಕೊಂಡು ಹೋಗಿ ಹಳೆಯ ತಾಮ್ರದ ಹಂಡೆಗಳನ್ನು ನೋಡಿ ಬರುತ್ತಾರೆ. ಬೆಂಗಳೂರಿನಲ್ಲಿ ಅಷ್ಟೂ ಇಲ್ಲ.

ಹೋದುದು ಏನೆಂಬುದು ನನಗೆ ಅರ್ಥವಾದುದು ಬಿಯರಿನ ಲೆಕ್ಕದಿಂದಲ್ಲ, ನನ್ನದೇ ವ್ಯವಹಾರದಿಂದ. ಹೇಳಿಕೊಳ್ಳಲು ಹೆಮ್ಮೆಯ ವಿಷಯವಲ್ಲ, ಆದರೂ ಬರೆಯುತ್ತೇನೆ. ಕೊರೋನದ ಎರಡು ವರ್ಷಗಳಲ್ಲಿ ಪರವಾನಗಿಯ ಶುಲ್ಕ, ಬಾಡಿಗೆ, ಹುಡುಗರ ಊಟವೆಂದು ನನ್ನ ಮೇಲೂ ಸಾಲವೇರಿತು. ಅಂಗಡಿಯನ್ನೂ ಪರವಾನಗಿಯನ್ನೂ ಸೇರಿಸಿ ಕೊಳ್ಳುತ್ತೇವೆಂದು ಹೋಟೇಲುಗಳ ಸರಪಳಿಯನ್ನು ನಡೆಸುವ ಕಂಪನಿಯೊಂದು ಮುಂದೆ ಬಂದಿತು. 2022ರಲ್ಲಿ ಕೊಟ್ಟುಬಿಟ್ಟೆನು. ಬಂದ ಹಣದಲ್ಲಿ ಸಾಲ ತೀರಿತು, ಹುಡುಗರಿಗೆ ಬಾಕಿಯೆಲ್ಲ ಸಂದಿತು. ಆ ವಿಷಯದಲ್ಲಿ ನನ್ನ ಮನಸ್ಸಾಕ್ಷಿ ಸ್ವಚ್ಛವಾಗಿದೆ. ಕರಾರುಪತ್ರದಲ್ಲಿ ಒಂದು ಕಲಮಿತ್ತು: ಬೋರ್ಡಿನ ಮೇಲಿರುವ ಹೆಸರೂ ಅವರದೇ. ಅದು ಊರಿನಲ್ಲಿರುವ ನಮ್ಮ ಮನೆತನದ ಹೆಸರು. ಹಳೆಯ ಹೆಸರಿಗೆ ಬೆಲೆಯಿದೆ, ಅದನ್ನು ಬದಲಿಸುವುದಿಲ್ಲವೆಂದು ಅವರು ಬಹಳ ವಿನಯದಿಂದ ಹೇಳಿದರು. ನನಗೆ ಆಗ ಸಂತೋಷವೇ ಆಯಿತು.

ಊರಿನಿಂದ ಯಾರಾದರೂ ಟಾಟಾ ಆಸ್ಪತ್ರೆಗೋ ಕೆ.ಇ.ಎಂ. ಆಸ್ಪತ್ರೆಗೋ ಬಂದರೆ ಮೊದಲು ನಮ್ಮ ಗಲ್ಲೆಗೆ ಬರುತ್ತಿದ್ದರು. ಚೀಟಿ ಮಾಡಿಸುವುದೆಲ್ಲಿ, ರಾತ್ರಿ ಮಲಗುವುದೆಲ್ಲಿ, ಮರಾಠಿ ಬಾರದವರ ಜೊತೆಗೆ ಹೋಗುವವರಾರು, ಇವೆಲ್ಲ ಅಲ್ಲಿಯೇ ನಿಶ್ಚಯವಾಗುತ್ತಿದ್ದುವು. ಪರ್ಮಿಟ್ ರೂಮಿನ ಹಿಂದಿನ ಮಾಳಿಗೆಯಲ್ಲಿ ರೋಗಿಗಳ ಸಂಬಂಧಿಕರು ತಿಂಗಳುಗಟ್ಟಲೆ ಮಲಗಿದ್ದುದುಂಟು. ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದ ಹುಡುಗನೊಬ್ಬನಿಗೆ ಸೋಮವಾರದಿಂದ ಕೆಲಸಕ್ಕೆ ಬಾ ಎನ್ನಲು ಮಾವನವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಇವೆಲ್ಲ ಕರಾರುಪತ್ರದ ಯಾವ ಕಲಮಿನಲ್ಲಿಯೂ ಇರಲಿಲ್ಲ. ಬರೆದಿಲ್ಲದುದರಿಂದ ಅವನ್ನು ಮಾರಲೂ ಇಲ್ಲ, ಕೊಳ್ಳಲೂ ಇಲ್ಲ. ಆದರೂ ಅವು ಹೋದುವು. ಅಣ್ಣನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ನಾನು ಹೇಳಬೇಕಾಗಿದ್ದುದು ಇದನ್ನೇ: ಹಕ್ಕಿಯ ಚಿತ್ರ ಉಂಟು, ಒಳ್ಳೆಯದಕ್ಕಾಗಲಿ ಕೆಟ್ಟುದಕ್ಕಾಗಲಿ, ಹೋಗಿ ಕೇಳಬಹುದಾದ ಮನೆ ಇಲ್ಲ. ಬಂಟ್ವಾಳದವರು ಒಳ್ಳೆಯ ಯಜಮಾನರೋ ಅಲ್ಲವೋ, ಅವರ ಹೆಸರು ಹಿಡಿದು ಹೊಗಳಲೂ ಬಯ್ಯಲೂ ನಮಗೆ ಬರುತ್ತಿತ್ತು. ಸೇಕಡಾ 61.5ನ್ನು ಹೆಸರು ಹಿಡಿದು ಬಯ್ಯುವುದು ಹೇಗೆ?

ಅಣ್ಣನು ಕಳೆದ ಮಳೆಗಾಲದಲ್ಲಿ ತೀರಿಕೊಂಡ ಸುದ್ದಿ ಬಂದ ದಿನ, ಕಾಲುಗಳು ತಾವಾಗಿಯೇ ಹಳೆಯ ಗಲ್ಲಿಯ ಕಡೆಗೆ ತಿರುಗಿದುವು. ಬೋರ್ಡು ಹಾಗೆಯೇ ಇತ್ತು; ಹೊಸದಾಗಿ ಬಣ್ಣ ಹೊಡೆದು, ಅಕ್ಷರಗಳ ಹಿಂದೆ ದೀಪವಿಟ್ಟಿದ್ದರು. ಒಳಗೆ ಹೋಗಿ ಒಂದು ಚಹಾ ಹೇಳಿದೆನು. ಪಕ್ಕದ ಮೇಜಿನವರಿಗೆ ಹುಡುಗನೊಬ್ಬನು ಕಿಂಗ್‌ಫಿಷರ್ ತಂದಿಟ್ಟನು. ಚುರುಕಾದ ಹುಡುಗ, ನಮ್ರತೆಯೂ ಇತ್ತು. ಯಾವ ಊರೆಂದು ಕೇಳಿದೆನು. ಒರಿಸ್ಸಾದ ಗಂಜಾಂ ಜಿಲ್ಲೆಯೆಂದನು. ಮನೆಗೆ ತಿಂಗಳಿಗೆ ಎಷ್ಟು ಕಳುಹಿಸುತ್ತೀಯೆಂದೆ; ಹೇಳಿದನು. ಸಾಲದ ಮೊತ್ತವಲ್ಲ, ಆದರೂ ನಮ್ಮ ಕಾಲದ ಲೆಕ್ಕಕ್ಕೆ ಕಡಿಮೆಯೂ ಅಲ್ಲ. ಬೋರ್ಡಿನ ಮೇಲಿರುವ ಹೆಸರಿನ ಅರ್ಥವೇನೆಂದು ಕೇಳಿದಾಗ, ಯಜಮಾನರ ದೇವರ ಹೆಸರಿರಬೇಕು ಎಂದನು. ಯಜಮಾನರನ್ನು ನೋಡಿದ್ದೀಯಾ ಎಂದೆ. ಇಲ್ಲ, ಮೆನೇಜರರನ್ನು ನೋಡಿದ್ದೇನೆ, ಅವರೂ ಮೂರು ತಿಂಗಳಿಗೊಮ್ಮೆ ಬದಲಾಗುತ್ತಾರೆ ಎಂದನು.

ಯಂತ್ರದಿಂದ ಹೊರಬಂದ ಬಿಲ್ಲಿನ ತಲೆಯಲ್ಲಿ ನಮ್ಮ ಮನೆತನದ ಹೆಸರು ದಪ್ಪಕ್ಷರಗಳಲ್ಲಿತ್ತು. ಕೆಳಗೆ ಸಣ್ಣಕ್ಷರಗಳಲ್ಲಿ ಕಂಪನಿಯೊಂದರ ಹೆಸರೂ ಗುರುಗಾಂವದ ವಿಳಾಸವೂ ಇದ್ದುವು. ಕನ್ನಡಕವಿಲ್ಲದೆ ಓದಲಾಗಲಿಲ್ಲವಾದುದರಿಂದ ಹುಡುಗನಿಂದಲೇ ಓದಿಸಿದೆನು. ಹಣ ಕೊಟ್ಟು, ಮಿಕ್ಕುದನ್ನು ಅವನಿಗೆ ಬಿಟ್ಟು, ಪುಟ ಕಟ್ಟುವ ಹೊತ್ತಾಗಿತ್ತೆಂದು ಕಚೇರಿಗೆ ಬಂದೆನು.